ಟಿವಿಯ ಮಾತು ತಿಳಿಯಾಗಿ ಕೇಳಲು ಸೌಂಡ್‌ಬಾರ್ ಮತ್ತು ಸಬ್‌ವೂಫರ್: ಕಾಸರಗೋಡಿನ ಮನೆಗಳಿಗೆ ಒಂದು ಕೈಪಿಡಿ

ಈಗಿನ ಟಿವಿಗಳ ಚಿತ್ರ ಎಷ್ಟು ನಿಚ್ಚಳವೋ ಧ್ವನಿ ಅಷ್ಟೇ ಬಡವಾಗಿರುತ್ತದೆ. ಆ ಕೊರತೆ ತುಂಬಲು ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್ ಪಟ್ಟಿಯೇ ಸೌಂಡ್‌ಬಾರ್ (ಮುಂದೆ ಬರಿಯ ‘ಬಾರ್’); ಅದರ ಜೊತೆಗಿರುವ, ತಗ್ಗು ಸ್ವರಗಳಿಗೆಂದೇ ಮಾಡಿದ ಪೆಟ್ಟಿಗೆ ಸಬ್‌ವೂಫರ್. ಧ್ವನಿ ಹುಟ್ಟಬೇಕಾದರೆ ಸ್ಪೀಕರ್ ಗಾಳಿಯನ್ನು ತಳ್ಳಬೇಕು. ಸ್ವರದ ಶ್ರುತಿ ತಗ್ಗಿದಷ್ಟೂ ತಳ್ಳಬೇಕಾದ ಗಾಳಿಯ ಪ್ರಮಾಣ ಹೆಚ್ಚುತ್ತದೆ. ಎರಡು ಬೆರಳು ದಪ್ಪದ ಟಿವಿಯೊಳಗೆ ಅದಕ್ಕೆ ಬೇಕಾದ ಜಾಗವಿಲ್ಲ. ಸಾಲದ್ದಕ್ಕೆ ಆ ಪುಟ್ಟ ಸ್ಪೀಕರುಗಳು ಹೆಚ್ಚಿನ ಟಿವಿಗಳಲ್ಲಿ ನಮ್ಮತ್ತ ಮುಖ ಮಾಡಿರುವುದಿಲ್ಲ; ತಳದಿಂದ ನೆಲದತ್ತಲೋ ಬೆನ್ನಿನಿಂದ ಗೋಡೆಯತ್ತಲೋ ತಿರುಗಿರುತ್ತವೆ. ಗೋಡೆಗೆ ಬಡಿದು ಬಂದ ಮಾತಿನಲ್ಲಿ ಸ್ವರ ಉಳಿಯುತ್ತದೆ, ವ್ಯಂಜನ ಮಸುಕಾಗುತ್ತದೆ. ‘ತ’, ‘ಸ’, ‘ಚ’ ಮುಂತಾದ ಧ್ವನಿಗಳನ್ನು ಒಂದರಿಂದ ಒಂದು ಬೇರೆ ಮಾಡಿ ತೋರಿಸುವ ಅಂಶ ಬಹುಮಟ್ಟಿಗೆ 2,000 ಹರ್ಟ್ಸ್‌ಗಿಂತ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಅದು ಹೆಚ್ಚಿದಷ್ಟೂ ಸ್ವರ ಏರು) ಮೇಲೆ ಇರುತ್ತದೆ, ಮತ್ತು ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದೂ ಆ ಮೇಲಿನ ಭಾಗವನ್ನೇ. ಮನೆಯ ಹಿರಿಯರು ವಾಲ್ಯೂಮ್ ಏರಿಸುತ್ತಲೇ ಹೋದರೂ ‘ಏನು ಹೇಳಿದ್ದು ಅವ?’ ಎಂದು ಕೇಳುವುದಕ್ಕೆ ಕಾರಣ ಇದು.

ನಮ್ಮ ಕಡೆ ಇದಕ್ಕೆ ಇನ್ನೆರಡು ಸಂಗತಿಗಳು ಸೇರಿಕೊಳ್ಳುತ್ತವೆ. ಮೊದಲನೆಯದು ಮನೆಯ ಕಟ್ಟೋಣ: ಗಾರೆ ಹಚ್ಚಿದ ಮುರಕಲ್ಲಿನ ಗೋಡೆ, ಕಾವಿ ನೆಲ ಅಥವಾ ಟೈಲ್ಸ್, ಬರಿಯ ಕಿಟಕಿಗಳು. ಇವು ಯಾವುವೂ ಧ್ವನಿಯನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಎರಡನೆಯದು ಭಾಷೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಮನೆಗಳಲ್ಲಿ ಕನ್ನಡದ ಧಾರಾವಾಹಿಯೂ ಮಲಯಾಳದ ವಾರ್ತೆಯೂ ಒಂದೇ ಸಂಜೆ ನಡೆಯುತ್ತವೆ. ಮನೆಮಾತಲ್ಲದ ಭಾಷೆಯನ್ನು ಕೇಳುವಾಗ, ಕಿವಿಗೆ ಬೀಳದ ಅಕ್ಷರವನ್ನು ಊಹಿಸಿ ತುಂಬಿಕೊಳ್ಳುವುದು ಕಷ್ಟ; ಅಲ್ಲಿ ಸ್ಪಷ್ಟತೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಆದ್ದರಿಂದ ಇಲ್ಲಿ ಹೇಳುವುದೆಲ್ಲ ಒಂದು ಕ್ರಮವನ್ನು ಹಿಡಿದು ಸಾಗುತ್ತದೆ: ಮೊದಲು ಮಾತು ತಿಳಿಯಾಗಬೇಕು, ಆ ಮೇಲೆ ಬೇಸ್, ಅಂದರೆ ತಗ್ಗು ಸ್ವರ. ಅಂಗಡಿಯಲ್ಲಿ ಎದೆ ನಡುಗಿಸುವ ಪೆಟ್ಟಿಗೆಯನ್ನು ಮೆಚ್ಚಿ ತಂದವರ ಮನೆಯಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ. ಮಾತು ಮೊದಲಿಗಿಂತಲೂ ಹೂತುಹೋಗಿರುತ್ತದೆ.

ಕೊಳ್ಳುವ ಮೊದಲು

ಅಂಗಡಿಗೆ ಹೊರಡುವ ಮುಂಚೆ ಟಿವಿಯ ಬೆನ್ನಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಎಚ್‌ಡಿಎಂಐ ತೂತುಗಳಲ್ಲಿ ಯಾವುದರ ಪಕ್ಕದಲ್ಲಿ ಎಆರ್‌ಸಿ (ಟಿವಿಯ ಧ್ವನಿಯನ್ನು ಹೊರಗಿನ ಸ್ಪೀಕರಿಗೆ ಕಳಿಸುವ ದಾರಿ) ಅಥವಾ ಅದರ ಸುಧಾರಿತ ರೂಪವಾದ ಇಎಆರ್‌ಸಿ ಎಂದು ಬರೆದಿದೆ, ಧ್ವನಿಯನ್ನು ಬೆಳಕಿನ ರೂಪದಲ್ಲಿ ಕಳಿಸುವ ಆಪ್ಟಿಕಲ್ ತೂತು ಇದೆಯೇ ಎಂಬುದು ಕಾಣಬೇಕು. ಟಿವಿ ಇಡುವ ಗೋಡೆಯ ಅಗಲ, ಟಿವಿಯ ಕೆಳಅಂಚಿಗೂ ಸ್ಟ್ಯಾಂಡಿಗೂ ನಡುವೆ ಇರುವ ಎತ್ತರ, ಕೋಣೆಯ ಉದ್ದಗಲ, ಇಷ್ಟನ್ನು ಅಳೆದು ಬರೆದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಪೆಟ್ಟಿಗೆಯ ಮೇಲಿನ 2.1, 3.1, 5.1 ಮುಂತಾದ ಸಂಖ್ಯೆಗಳಲ್ಲಿ ಮೊದಲ ಅಂಕೆ ಕಿವಿಯ ಮಟ್ಟದ ಚಾನೆಲ್‌ಗಳದು (ಚಾನೆಲ್ ಎಂದರೆ ಇಲ್ಲಿ ಧ್ವನಿಯ ಒಂದೊಂದು ಬಿಡಿ ಎಳೆ), ಎರಡನೆಯದು ಸಬ್‌ವೂಫರಿನದು, 5.1.2 ಎಂಬಂತೆ ಮೂರನೆಯದು ಇದ್ದರೆ ಅದು ಮೇಲ್ಮುಖವಾದ ಸ್ಪೀಕರುಗಳದು. 2.1ಕ್ಕೂ 3.1ಕ್ಕೂ ಇರುವ ವ್ಯತ್ಯಾಸವೆಂದರೆ ನಡುವಿನ ಚಾನೆಲ್. ಚಲನಚಿತ್ರಗಳ ಬಹುಚಾನೆಲ್ ಧ್ವನಿಯಲ್ಲಿ ಸಂಭಾಷಣೆ ಹೆಚ್ಚಾಗಿ ಈ ನಡುವಿನ ಚಾನೆಲ್‌ನಲ್ಲೇ ಇರುತ್ತದೆ. ಅದಕ್ಕೊಂದು ಪ್ರತ್ಯೇಕ ಸ್ಪೀಕರ್ ಇದ್ದರೆ ಮಾತಿನ ಮಟ್ಟವನ್ನು ಮಾತ್ರ ಏರಿಸಲು ಸಾಧ್ಯ. ಸಾಮಾನ್ಯ ಚಾವಡಿಗೆ 3.1 ಸಾಕು ಎಂಬುದು ನನ್ನ ಅಭಿಪ್ರಾಯ. ಹಿಂಬದಿಯ ಸ್ಪೀಕರುಗಳಿಗೆ ಖರ್ಚು ಮಾಡುವ ಹಣವನ್ನು ಒಳ್ಳೆಯ ಮೂರು ಚಾನೆಲ್‌ನ ಬಾರಿಗೆ ಹಾಕುವುದು ಲೇಸು.

ವಾಟ್‌ಗಳ ಲೆಕ್ಕಕ್ಕೆ ಮರುಳಾಗಬೇಡಿ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದ ಸಾವಿರಗಳಿಗೆ ಅರ್ಥವಿಲ್ಲ; ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಎಂದಿರುವುದನ್ನು ಮಾತ್ರ ನೋಡಬೇಕು. ಅದರಲ್ಲಿಯೂ, ವಾಟ್ ಇಮ್ಮಡಿಯಾದರೆ ಧ್ವನಿಮಟ್ಟ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತುಪಟ್ಟು ವಾಟ್ ಬೇಕು. 200 ವಾಟಿನ ಬಾರಿಗೂ 300 ವಾಟಿನ ಬಾರಿಗೂ ಜೋರಿನಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ.

ಮೇಲ್ಮುಖ ಸ್ಪೀಕರುಳ್ಳ ಡಾಲ್ಬಿ ಅಟ್ಮೋಸ್ ಬಾರುಗಳ ಬಗ್ಗೆ ಒಂದು ಮಾತು. ಅವು ಧ್ವನಿಯನ್ನು ಮಾಡಿಗೆ ಎಸೆದು, ಅಲ್ಲಿಂದ ಪ್ರತಿಫಲಿಸಿ ಕೇಳುವವರ ಮೇಲೆ ಬೀಳುವಂತೆ ಮಾಡುತ್ತವೆ. ಇದಕ್ಕೆ ಸಮತಟ್ಟಾದ, ಅತಿ ಎತ್ತರವಲ್ಲದ, ಗಟ್ಟಿ ಮೇಲ್ಛಾವಣಿ ಬೇಕು. ತಾರಸಿ ಮನೆಯಲ್ಲಿ ಅದು ಕೆಲಸ ಮಾಡೀತು. ಇಳಿಜಾರಾದ ಹಂಚಿನ ಮಾಡಿನಡಿ ಆ ಧ್ವನಿ ಎಲ್ಲಿಗೋ ಹೋಗಿ ಬೀಳುತ್ತದೆ. ಹಂಚಿನ ಮನೆಯಲ್ಲಿ ಮರದ ಮುಚ್ಚಿಗೆ ಇಲ್ಲದಿದ್ದರೆ ಆ ಹಣ ಉಳಿಸಿಕೊಳ್ಳಿ.

ಗಲ್ಫಿನಿಂದ ರಜೆಗೆ ಬರುವವರ ಕೈಯಲ್ಲಿ ಸೌಂಡ್‌ಬಾರ್ ತರಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ದುಬೈಯ ವಿದ್ಯುತ್ತು ನಮ್ಮದರಂತೆಯೇ 50 ಹರ್ಟ್ಸ್‌ನದಾದ್ದರಿಂದ, ವೋಲ್ಟೇಜೂ ಹೊಂದುವುದರಿಂದ ಸಾಧನ ನಡೆಯುತ್ತದೆ. ಪ್ಲಗ್ ಮಾತ್ರ ಚಪ್ಪಟೆ ಕಾಲಿನ ಮೂರು ಪಿನ್ನಿನದು. ಬಾರಿನ ಕರೆಂಟ್ ವಯರ್ ಕಳಚುವಂಥದ್ದಾದರೆ ಇಲ್ಲಿನ ಪ್ಲಗ್ ಇರುವ ಅದೇ ಬಗೆಯ ವಯರನ್ನು ಕೊಂಡರಾಯಿತು. ಆದರೆ ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೇಳದೆ ತರಿಸಬೇಡಿ. ಅಮೆರಿಕದಿಂದ ತರುವುದಾದರೆ ಬೆನ್ನಿನ ಚೀಟಿಯಲ್ಲಿ 100–240 ವೋಲ್ಟ್ ಎಂದು ಇರಲೇಬೇಕು. ಬರಿಯ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಅದು ಸುಟ್ಟುಹೋಗುತ್ತದೆ.

ಜೋಡಿಸುವುದು

ಟಿವಿಯ ಎಆರ್‌ಸಿ ತೂತಿನಿಂದ ಸೌಂಡ್‌ಬಾರಿನ ಎಆರ್‌ಸಿ ತೂತಿಗೆ ಒಂದೇ ಎಚ್‌ಡಿಎಂಐ ಕೇಬಲ್: ಉತ್ತಮವಾದ ದಾರಿ ಇದೇ. ಎಆರ್‌ಸಿ ಬಂದದ್ದು 2009ರ ಎಚ್‌ಡಿಎಂಐ 1.4ರೊಂದಿಗೆ, ಆದ್ದರಿಂದ ಈಚಿನ ಹತ್ತು ವರ್ಷಗಳಲ್ಲಿ ಕೊಂಡ ಹೆಚ್ಚಿನ ಟಿವಿಗಳಲ್ಲಿ ಅದು ಇರುತ್ತದೆ. ಟಿವಿಯ ಬೇರೆ ತೂತಿಗೆ ಚುಚ್ಚಿದರೆ ಧ್ವನಿ ಬರುವುದಿಲ್ಲ. ಸೆಟ್‌ಟಾಪ್ ಬಾಕ್ಸ್ ಎಂದಿನಂತೆ ಟಿವಿಗೇ ಜೋಡಿಸಿರಲಿ. ಇನ್ನು ಇಎಆರ್‌ಸಿ ಬೇಕೇಬೇಕಾಗುವುದು ಬ್ಲೂ-ರೇ ತಟ್ಟೆಗಳ ಕುಗ್ಗಿಸದ ಧ್ವನಿಯಂಥವುಗಳಿಗೆ. ಒಟಿಟಿಗಳು ಕಳಿಸುವ ಅಟ್ಮೋಸ್ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಕುಗ್ಗಿಸಿದ ರೂಪದಲ್ಲಿ ಬರುವುದರಿಂದ, ಟಿವಿ ಅದನ್ನು ಹಾಗೆಯೇ ದಾಟಿಸುವಂತಿದ್ದರೆ ಎಆರ್‌ಸಿಯಲ್ಲಿಯೂ ಹಾಯುತ್ತದೆ. ಚಿನ್ನದ ಲೇಪದ ದುಬಾರಿ ಕೇಬಲಿಗೆ ಹಣ ಸುರಿಯುವ ಅಗತ್ಯವಿಲ್ಲ. ಬಾರಿನ ಜೊತೆ ಬಂದದ್ದೇ ಸಾಕು.

ಬಳಿಕ ಟಿವಿಯ ಸೆಟ್ಟಿಂಗಿನಲ್ಲಿ ಎರಡು ಕೆಲಸ. ಒಂದು, ಧ್ವನಿಯ ಔಟ್‌ಪುಟ್‌ಅನ್ನು ಟಿವಿ ಸ್ಪೀಕರಿನಿಂದ ಎಚ್‌ಡಿಎಂಐ ಎಆರ್‌ಸಿಗೆ ಬದಲಿಸುವುದು. ಎರಡು, ಸಿಇಸಿ ಎಂಬ ಸೌಲಭ್ಯವನ್ನು ಆನ್ ಮಾಡುವುದು. ಇದಕ್ಕೆ ಸ್ಯಾಮ್‌ಸಂಗ್‌ನವರು ಎನಿನೆಟ್ ಪ್ಲಸ್ ಎಂದೂ ಎಲ್‌ಜಿಯವರು ಸಿಂಪ್‌ಲಿಂಕ್ ಎಂದೂ ಸೋನಿಯವರು ಬ್ರಾವಿಯಾ ಸಿಂಕ್ ಎಂದೂ ಹೆಸರಿಟ್ಟಿದ್ದಾರೆ. ಇದು ಆನ್ ಆದರೆ ಟಿವಿಯ ರಿಮೋಟಿನಲ್ಲೇ ಬಾರಿನ ವಾಲ್ಯೂಮ್ ಏರಿಳಿಯುತ್ತದೆ. ಅಜ್ಜಿಯ ಕೈಗೆ ಎರಡನೆಯ ರಿಮೋಟ್ ಕೊಡುವ ತಾಪತ್ರಯ ತಪ್ಪುವುದು ಸಣ್ಣ ಲಾಭವಲ್ಲ.

ಎಆರ್‌ಸಿ ಇಲ್ಲದ ಟಿವಿಗೆ ಆಪ್ಟಿಕಲ್ ಕೇಬಲ್. ಇದರಲ್ಲಿ ಎರಡು ಚಾನೆಲ್‌ನ ಪಿಸಿಎಂ (ಕುಗ್ಗಿಸದ ಸಾದಾ ಡಿಜಿಟಲ್ ಧ್ವನಿ) ಅಥವಾ ಡಾಲ್ಬಿ ಡಿಜಿಟಲ್ 5.1 ಹಾಯುತ್ತದೆ, ಅಟ್ಮೋಸ್ ಹಾಯುವುದಿಲ್ಲ. ತುದಿಯ ಪ್ಲಾಸ್ಟಿಕ್ ಟೊಪ್ಪಿಯನ್ನು ಕಳಚಿ ಚುಚ್ಚಬೇಕು, ಕೇಬಲನ್ನು ಮಡಿಚಬಾರದು. ಬ್ಲೂಟೂತ್ ಕೊನೆಯ ಆಯ್ಕೆ. ಅದರಲ್ಲಿ ಧ್ವನಿ ತಡವಾಗುವ ತೊಂದರೆ ಬಹಳ.

ತುಟಿಗೂ ಮಾತಿಗೂ ಹೊಂದಿಕೆ ಇದೆಯೇ ಎಂದು ನೋಡಲು ಯಕ್ಷಗಾನದ ವಿಡಿಯೋಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಚೆಂಡೆಯವರ ಕೈ ಕಾಣುವ ಭಾಗವನ್ನು ಹಾಕಿ, ಕೋಲು ಚರ್ಮಕ್ಕೆ ತಾಗುವ ಕ್ಷಣಕ್ಕೂ ಪೆಟ್ಟು ಕೇಳುವ ಕ್ಷಣಕ್ಕೂ ಅಂತರವಿದೆಯೇ ಗಮನಿಸಿ. ಧ್ವನಿ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ಅಥವಾ 125 ಮಿಲಿಸೆಕೆಂಡ್ ಹಿಂದಾದರೆ ನೋಡುವವರಿಗೆ ಅದು ಗೊತ್ತಾಗತೊಡಗುತ್ತದೆ. ಧ್ವನಿ ಮುಂದಾಗಿದ್ದರೆ ಬಾರಿನ ಲಿಪ್‌ಸಿಂಕ್ ಸೆಟ್ಟಿಂಗಿನಲ್ಲಿ ಸ್ವಲ್ಪಸ್ವಲ್ಪವೇ ವಿಳಂಬ ಸೇರಿಸಿ ಸರಿಪಡಿಸಬಹುದು. ಹಿಂದಾಗಿದ್ದರೆ ಆ ವಿಳಂಬವನ್ನು ಸೊನ್ನೆಗೆ ತಂದು, ಟಿವಿಯ ಡಿಜಿಟಲ್ ಔಟ್‌ಪುಟ್‌ಅನ್ನು ಪಿಸಿಎಂಗೆ ಬದಲಿಸಿ ನೋಡಿ.

ಸೌಂಡ್‌ಬಾರಿನ ಜಾಗ

ಬಾರ್ ಟಿವಿಯ ನೇರ ಕೆಳಗೆ, ಸ್ಟ್ಯಾಂಡಿನ ಮುಂದಿನ ಅಂಚಿಗೆ ಸರಿಯಾಗಿ ಇರಲಿ. ಶೋಕೇಸಿನ ಗೂಡಿನೊಳಗೆ ತುರುಕಿದರೆ ಗೂಡಿನ ಗೋಡೆಗಳೇ ಧ್ವನಿಯನ್ನು ಕೆಡಿಸುತ್ತವೆ. ಬಾರು ಟಿವಿಯ ರಿಮೋಟ್ ಸಂಜ್ಞೆ ಹಿಡಿಯುವ ಕಣ್ಣಿಗೆ ಅಡ್ಡ ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಗೋಡೆಗೆ ತೂಗಿಸುವುದಾದರೆ ಮುರಕಲ್ಲಿನ ಗುಣ ನೆನಪಿರಲಿ: ಕಲ್ಲಿನೊಳಗೆ ಪೊಳ್ಳು ಇರುವ ಕಡೆ ಪ್ಲಗ್ ಹಿಡಿತ ಸಿಗದೆ ತಿರುಗುತ್ತದೆ. ಅಂಥ ಕಡೆ ಉದ್ದದ ಪ್ಲಗ್ಗೂ ಉದ್ದದ ಸ್ಕ್ರೂವೂ ಬೇಕು, ಅಥವಾ ತೂತನ್ನು ಸಿಮೆಂಟಿನಿಂದ ತುಂಬಿ, ಒಣಗಿದ ಮೇಲೆ ಕೊರೆಯಬೇಕು.

ಕೋಣೆಯ ಪ್ರತಿಧ್ವನಿ ಇಳಿಸಲು ದೊಡ್ಡ ಖರ್ಚಿಲ್ಲ. ಟಿವಿಗೂ ಕೂರುವ ಜಾಗಕ್ಕೂ ನಡುವಿನ ನೆಲದಲ್ಲಿ ಒಂದು ದಪ್ಪ ಜಮಖಾನ, ಕಿಟಕಿಗೆ ಮಡಿಕೆ ಹೆಚ್ಚಿರುವ ಪರದೆ, ಎದುರು ಗೋಡೆಯಲ್ಲಿ ಪುಸ್ತಕದ ಕಪಾಟು. ಚಪ್ಪಾಳೆ ತಟ್ಟಿ ನೋಡಿ. ಮೊದಲಿದ್ದ ‘ಟಣ್’ ಎಂಬ ಬಾಲ ಕಡಿಮೆಯಾದರೆ ಮಾತೂ ಅಷ್ಟರಮಟ್ಟಿಗೆ ತಿಳಿಯಾದಂತೆ. ತೆಳು ಚಾಪೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಇವು ಯಾವುವೂ ಬೇಸನ್ನು ಹೀರುವುದಿಲ್ಲ ಎಂಬುದೂ ತಿಳಿದಿರಲಿ; ಅದರ ಕತೆಯೇ ಬೇರೆ.

ಸಬ್‌ವೂಫರ್

ಸಬ್‌ವೂಫರನ್ನು ಎಲ್ಲಿ ಇಟ್ಟರೂ ನಡೆಯುತ್ತದೆ, ಬೇಸಿಗೆ ದಿಕ್ಕಿಲ್ಲ ಎಂದು ಅಂಗಡಿಯವರು ಹೇಳುವುದುಂಟು. ಇದು ಅರ್ಧ ನಿಜ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸ್ವರ ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿ ಗುರುತಿಸಲಾರದು. ಆದರೆ ತೆಳುವಾದ ಸೌಂಡ್‌ಬಾರುಗಳಲ್ಲಿ ಪುಟ್ಟ ಸ್ಪೀಕರುಗಳಿರುವುದರಿಂದ ಅವು 120, ಕೆಲವೊಮ್ಮೆ 200 ಹರ್ಟ್ಸ್‌ವರೆಗಿನ ಹೊರೆಯನ್ನೂ ಸಬ್‌ವೂಫರಿಗೆ ದಾಟಿಸುತ್ತವೆ. ಗಂಡಸರ ಮಾತಿನ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಸ್‌ನೊಳಗೆ ಬರುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಸೋಫಾದ ಹಿಂದೆಯೋ ಕೋಣೆಯ ಇನ್ನೊಂದು ಮೂಲೆಗೋ ಇಟ್ಟರೆ, ವಾರ್ತೆ ಓದುವವರ ತುಟಿ ಎದುರಿಗೂ ಅವರ ಎದೆದನಿ ಬೆನ್ನಹಿಂದೆಯೂ ಕೇಳುತ್ತದೆ. ಸಣ್ಣ ಬಾರಿನ ಜೊತೆ ಬಂದ ಸಬ್‌ವೂಫರ್ ಟಿವಿ ಇರುವ ಗೋಡೆಯಲ್ಲೇ, ಬಾರಿನಿಂದ ಮೂರು ನಾಲ್ಕು ಅಡಿಯೊಳಗೆ ಇರುವುದು ಒಳ್ಳೆಯದು.

ಆ ಗೋಡೆಯಲ್ಲಿ ನಿಖರವಾಗಿ ಎಲ್ಲಿ ಎಂಬುದನ್ನು ಕೋಣೆಯೇ ತೀರ್ಮಾನಿಸುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 12 ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಸ್ ಸ್ವರದ ಅರ್ಧ ಅಲೆ ಎರಡು ಗೋಡೆಗಳ ನಡುವೆ ಸರಿಯಾಗಿ ಕೂರುತ್ತದೆ. ಆಗ ಗೋಡೆಗಳ ಬಳಿ ಆ ಸ್ವರ ವಿಪರೀತ ಗುಂಯ್ಗುಟ್ಟುತ್ತದೆ, ಕೋಣೆಯ ನಟ್ಟನಡುವೆ ಬಹುತೇಕ ಮಾಯವಾಗುತ್ತದೆ. 10 ಅಡಿಗೆ ಇದೇ ಲೆಕ್ಕ ಸುಮಾರು 56 ಹರ್ಟ್ಸ್. ಉದ್ದವೂ ಅಗಲವೂ ಒಂದೇ ಇರುವ ಚೌಕ ಕೋಣೆಯಲ್ಲಿ ಎರಡೂ ದಿಕ್ಕಿನ ಗುಂಯ್ ಒಂದೇ ಸ್ವರಕ್ಕೆ ಬೀಳುವುದರಿಂದ ಅದು ಇನ್ನಷ್ಟು ಕಾಟ ಕೊಡುತ್ತದೆ. ಆದ್ದರಿಂದ ಸೋಫಾದ ಬೆನ್ನನ್ನು ಗೋಡೆಗೆ ಒತ್ತಿ ಇಡಬೇಡಿ, ಕೋಣೆಯ ಸರಿಮಧ್ಯದಲ್ಲೂ ಕೂರಬೇಡಿ. ಹಿಂದಿನ ಗೋಡೆಯಿಂದ ಒಂದೆರಡು ಅಡಿ ಮುಂದೆ ಬಂದರೂ ವ್ಯತ್ಯಾಸ ಕೇಳುತ್ತದೆ.

ಜಾಗ ಹುಡುಕುವ ಹಳೆಯ ಉಪಾಯವೊಂದಿದೆ. ನೀವು ದಿನವೂ ಕೂರುವ ಜಾಗದಲ್ಲಿ ಸಬ್‌ವೂಫರನ್ನು ಇಡಿ. ಬೇಸ್ ಒಂದೇ ಸಮ ನಡೆಯುವ ಹಾಡೊಂದನ್ನು ಹಾಕಿ, ಟಿವಿಯ ಗೋಡೆಯುದ್ದಕ್ಕೂ ನೆಲದ ಮಟ್ಟದಲ್ಲಿ ಕಿವಿಯಿಟ್ಟು ಮೊಣಕಾಲಲ್ಲಿ ಸರಿಯುತ್ತ ಹೋಗಿ. ಒಂದು ಕಡೆ ಬೇಸ್ ಗುಂಯ್ ಎಂದು ಊದಿಕೊಳ್ಳುತ್ತದೆ, ಇನ್ನೊಂದು ಕಡೆ ಸತ್ತುಹೋಗುತ್ತದೆ, ಮತ್ತೊಂದು ಕಡೆ ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ, ಸಮವಾಗಿ ಕೇಳುತ್ತದೆ. ಆ ಮೂರನೆಯ ಜಾಗವೇ ಪೆಟ್ಟಿಗೆಯದು. ಸ್ಪೀಕರೂ ಕಿವಿಯೂ ಜಾಗ ಅದಲುಬದಲು ಮಾಡಿಕೊಂಡರೂ ಅವುಗಳ ನಡುವಿನ ಧ್ವನಿಯ ದಾರಿ ಬದಲಾಗುವುದಿಲ್ಲವಾದ್ದರಿಂದ ಈ ಉಪಾಯ ಫಲಿಸುತ್ತದೆ. ನೋಡಿದವರು ನಕ್ಕರೆ ನಗಲಿ.

ಮೂಲೆಗೆ ಇಟ್ಟರೆ ಬೇಸ್ ಹೆಚ್ಚುತ್ತದೆ. ತಾರಸಿ ಮನೆಯ ಮುಚ್ಚಿದ ಕೋಣೆಯಲ್ಲಿ ಇದು ಅತಿಯಾಗುವುದೇ ಹೆಚ್ಚು. ಮುಚ್ಚಿಗೆಯಿಲ್ಲದ ಹಂಚಿನ ಮನೆಯಲ್ಲಿಯಾದರೋ ಹಂಚುಗಳ ಸಂದಿನಿಂದ, ಗೋಡೆಯ ಮೇಲಿನ ತೆರವಿನಿಂದ ಬೇಸ್ ಹೊರಗೆ ಸೋರಿಹೋಗುತ್ತದೆ. ಅಲ್ಲಿ ಮೂಲೆ ನಿಮ್ಮ ಸಹಾಯಕ್ಕೆ ಬರುತ್ತದೆ. ಪೆಟ್ಟಿಗೆಯ ಬೆನ್ನಿನಲ್ಲಿ ಗಾಳಿಯ ತೂತು ಇದ್ದರೆ ಗೋಡೆಯಿಂದ ಅರ್ಧ ಅಡಿಯಾದರೂ ದೂರವಿಡಿ. ಉಪ್ಪರಿಗೆಯ ಹಲಗೆ ನೆಲದ ಮೇಲೆ ಇಡುವುದಾದರೆ ಅಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಬೇಕು, ಇಲ್ಲದಿದ್ದರೆ ಕೆಳಗಿನ ಕೋಣೆಯ ಮುಚ್ಚಿಗೆಯೇ ಸ್ಪೀಕರ್ ಆಗುತ್ತದೆ. ವಯರ್‌ಲೆಸ್ ಸಬ್‌ವೂಫರ್ ನಡುನಡುವೆ ಕಡಿದುಹೋದರೆ ವೈಫೈ ರೌಟರನ್ನು ಅದರ ಪಕ್ಕದಿಂದ ದೂರ ಸರಿಸಿ ನೋಡಿ.

ಮಟ್ಟ ಹೊಂದಿಸುವುದು ಹೀಗೆ. ಸಬ್‌ವೂಫರನ್ನು ಪೂರ್ತಿ ಇಳಿಸಿ, ವಾರ್ತೆ ಹಾಕಿ, ಮಾತು ತಿಳಿಯಾಗುವಷ್ಟು ಬಾರಿನ ವಾಲ್ಯೂಮ್ ಇಡಿ. ಈಗ ಬೇಸನ್ನು ಒಂದೊಂದೇ ಹೆಜ್ಜೆ ಏರಿಸಿ. ಓದುವವರ ದನಿ ದಪ್ಪಗಾಗತೊಡಗಿದ ಕೂಡಲೇ ಎರಡು ಹೆಜ್ಜೆ ಹಿಂದೆ ಬನ್ನಿ. ಸಬ್‌ವೂಫರ್ ನಡೆಯುತ್ತಿದೆ ಎಂದು ಗೊತ್ತಾಗಬಾರದು; ಪ್ಲಗ್ ಕಿತ್ತಾಗ ಮಾತ್ರ ಏನೋ ಕಳೆದಂತೆ ಅನಿಸಬೇಕು. ಇಷ್ಟಾದ ಮೇಲೆ ಯೂಟ್ಯೂಬಿನಲ್ಲಿ ಸಿಗುವ 20ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ಮೆಲ್ಲಗೆ ಹಾಕಿ ಕೋಣೆ ಸುತ್ತಿ. ಶೋಕೇಸಿನ ಗಾಜು, ಸಡಿಲ ಕಿಟಕಿಯ ಕೊಂಡಿ, ಗೋಡೆಯ ಮೇಲಿನ ದೇವರ ಪಟ ಒಂದೊಂದೂ ತನ್ನ ಸ್ವರ ಬಂದಾಗ ಕಟಕಟಿಸುತ್ತದೆ. ಪಟದ ಹಿಂದೆ ನಾಲ್ಕು ಮೂಲೆಗೂ ರಬ್ಬರಿನ ಚೂರು ಅಂಟಿಸಿದರೆ, ಕೊಂಡಿಯ ಸ್ಕ್ರೂ ಬಿಗಿದರೆ ಸದ್ದು ನಿಲ್ಲುತ್ತದೆ.

ಮೋಡ್‌ಗಳು

ರಿಮೋಟಿನ ಮೋಡ್‌ಗಳಲ್ಲಿ ವಾಯ್ಸ್ ಅಥವಾ ಕ್ಲಿಯರ್ ವಾಯ್ಸ್ ಎಂಬುದು ವಾರ್ತೆಗೂ ಧಾರಾವಾಹಿಗೂ ಒದಗುತ್ತದೆ. ನೈಟ್ ಮೋಡ್ ಜೋರಾದದ್ದನ್ನು ಇಳಿಸಿ ಮೆಲ್ಲನೆಯದನ್ನು ಏರಿಸುತ್ತದೆ. ಊರೊಳಗಿನ ಫ್ಲಾಟುಗಳಲ್ಲಿ ಇರುವವರಿಗೆ ರಾತ್ರಿ ಇದು ಬೇಕು, ಅಡಿಕೆ ತೋಟದ ನಡುವಿನ ಒಂಟಿ ಮನೆಯವರಿಗೆ ಅಷ್ಟಾಗಿ ಬೇಡ. ಜಡಿಮಳೆಯ ಹೊತ್ತಿನಲ್ಲಿ, ಅದರಲ್ಲೂ ತಗಡಿನ ಮಾಡಿನ ಅಡಿಯಲ್ಲಿ, ಮಳೆಯ ಸದ್ದು ಮೊದಲು ನುಂಗುವುದು ವ್ಯಂಜನಗಳನ್ನು. ಆಗ ಬೇಸ್ ಏರಿಸಿ ಉಪಯೋಗವಿಲ್ಲ; ಬೇಸನ್ನು ಇಳಿಸಿ, ವಾಯ್ಸ್ ಮೋಡ್ ಹಾಕಿ.

ಯಕ್ಷಗಾನಕ್ಕೆ ಬೇರೆಯೇ ಹದ. ಕುಂಬಳೆ ಸೀಮೆಯ ಮನೆಗಳಲ್ಲಿ ಯೂಟ್ಯೂಬಿನ ಆಟ, ತಾಳಮದ್ದಳೆ ಗಂಟೆಗಟ್ಟಲೆ ನಡೆಯುವುದರಿಂದ ಇದನ್ನು ಹೇಳಲೇಬೇಕು. ಇಂಥ ದಾಖಲೆಗಳು ಬಹುಪಾಲು ಒಂದು ಅಥವಾ ಎರಡು ಚಾನೆಲ್‌ನವು. ಸರೌಂಡ್ ಮೋಡ್ ಹಾಕಿದರೆ ಬಾರು ಇಲ್ಲದ ದಿಕ್ಕುಗಳನ್ನು ಕಲ್ಪಿಸಿ ಭಾಗವತರ ದನಿಯನ್ನು ಕೋಣೆತುಂಬ ಚೆಲ್ಲುತ್ತದೆ, ಚೆಂಡೆಯ ಪೆಟ್ಟಿಗೆ ಬಾಲ ಹಚ್ಚುತ್ತದೆ. ಸ್ಟ್ಯಾಂಡರ್ಡ್ ಅಥವಾ ಮ್ಯೂಸಿಕ್ ಮೋಡ್ ಇರಲಿ. ನೈಟ್ ಮೋಡ್ ಆಫ್ ಇರಲಿ. ಅದು ಪೆಟ್ಟಿನ ಮೊನೆಯನ್ನೇ ಮುರಿಯುತ್ತದೆ. ಚಕ್ರತಾಳ ಕಿವಿಗೆ ಚುಚ್ಚಿದರೆ ಟ್ರೆಬಲನ್ನು (ಏರು ಸ್ವರಗಳ ಮಟ್ಟವನ್ನು) ಒಂದೆರಡು ಹೆಜ್ಜೆ ಇಳಿಸಿ. ಚೆಂಡೆಗೆ ಸಬ್‌ವೂಫರಿನಿಂದ ಆಗುವ ಉಪಕಾರ ಕಡಿಮೆ. ಮದ್ದಳೆಯ ತಗ್ಗು ಬದಿ ಮಾತ್ರ ತುಂಬಿ ಬರಬೇಕು. ಅರ್ಥಧಾರಿಯ ಮಾತಿನಡಿ ಮದ್ದಳೆ ಗುಂಯ್ಗುಟ್ಟಿದರೆ ಬೇಸ್ ಹೆಚ್ಚಾಗಿದೆ ಎಂದೇ ಅರ್ಥ.

ಗುಂಯ್ ಸದ್ದು, ತೇವ, ಸಿಡಿಲು

ಏನೂ ಹಾಕದಿದ್ದಾಗಲೂ ಸಬ್‌ವೂಫರ್ ಗುಂಯ್ ಎನ್ನುತ್ತಿದ್ದರೆ ಅದು ಕರೆಂಟಿನಿಂದ ಬರುವ ಸದ್ದು. ಇನ್ವರ್ಟರ್ ನಡೆಯುವಾಗ ಮಾತ್ರ ಬರುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕೊಡುಗೆ ಇರಬಹುದು. ಸೈನ್ ವೇವ್‌ನದರಲ್ಲಿ ಈ ತೊಂದರೆ ಇರುವುದಿಲ್ಲ. ಬೇಸಗೆಯಲ್ಲಿ ಮಾತ್ರ ಹೆಚ್ಚುವುದಾದರೆ ಅರ್ಥಿಂಗ್ ಗುಂಡಿಯನ್ನು ನೋಡಿ: ಮುರಮಣ್ಣು ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ, ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಇದು ಸೌಂಡ್‌ಬಾರಿಗಿಂತ ಮನೆಯವರ ಜೀವಕ್ಕೆ ಮುಖ್ಯವಾದ ಸಂಗತಿ.

ಹೆಚ್ಚಿನ ಸಬ್‌ವೂಫರುಗಳ ಪೆಟ್ಟಿಗೆ ಎಂಡಿಎಫ್ ಹಲಗೆಯದು, ಅಂದರೆ ಮರದ ನಾರನ್ನು ಒತ್ತಿ ಮಾಡಿದ್ದು. ತೇವ ಹೀರಿದರೆ ಉಬ್ಬುತ್ತದೆ. ಆಟಿಯ ಮಳೆಗೆ ನೆಲ ಬೆವರುವ ಮನೆಗಳಲ್ಲಿ ಅದನ್ನು ನೇರ ನೆಲಕ್ಕೆ ಇಡದೆ ಒಂದಿಂಚು ಎತ್ತರದ ಗಟ್ಟಿ ಪೀಠದ ಮೇಲೆ ಇಡಿ, ಬಳಕೆ ಇಲ್ಲದಿದ್ದರೂ ವಾರಕ್ಕೊಮ್ಮೆಯಾದರೂ ನಡೆಸಿ. ಗಾಳಿಯ ತೂತಿನೊಳಗೆ ಹಲ್ಲಿ, ಜಿರಳೆ ಸೇರದಂತೆ ಆಗಾಗ ಟಾರ್ಚ್ ಹಾಕಿ ನೋಡಿ. ತೂತನ್ನು ಬಟ್ಟೆ ತುರುಕಿ ಮುಚ್ಚಿದರೆ ಬೇಸಿನ ಸ್ವರೂಪವೇ ಬದಲಾಗುತ್ತದೆ.

ಅಕ್ಟೋಬರ್, ನವೆಂಬರಿನ ತುಲಾ ಮಳೆಯ ಸಂಜೆಗಳೂ ಬೇಸಗೆಯ ಕೊನೆಯ ಗುಡುಗೂ ಈ ಸಾಧನಗಳಿಗೆ ದೊಡ್ಡ ಅಪಾಯ. ಹತ್ತಿರ ಬಿದ್ದ ಸಿಡಿಲನ್ನು ಸ್ಪೈಕ್‌ಗಾರ್ಡ್ ತಡೆಯಲಾರದು. ಕರೆಂಟಿನ ಪ್ಲಗ್ ಮಾತ್ರ ಕಿತ್ತರೂ ಸಾಲದು: ಡಿಶ್ ಅಥವಾ ಕೇಬಲ್ ಟಿವಿಯ ವಯರಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ, ಟಿವಿಯಿಂದ ಸೌಂಡ್‌ಬಾರಿಗೆ ಆಘಾತ ಹರಿಯುತ್ತದೆ. ಗುಡುಗು ದೂರದಲ್ಲಿ ಕೇಳಿದ ಕೂಡಲೇ ಸ್ವಿಚ್ ಆಫ್ ಮಾಡಿ, ಪ್ಲಗ್ಗುಗಳನ್ನೂ ಡಿಶ್‌ನ ವಯರನ್ನೂ ಕಳಚಿಡಿ. ಗುಡುಗು ತಲೆಯ ಮೇಲೆಯೇ ಬಂದಿದ್ದರೆ ಯಾವ ವಯರನ್ನೂ ಮುಟ್ಟಲು ಹೋಗಬೇಡಿ. ಮಳೆ ಬಿಟ್ಟ ಮೇಲೆ ಮತ್ತೆ ಜೋಡಿಸಿದಾಗ ಎಆರ್‌ಸಿಯಲ್ಲಿ ಧ್ವನಿ ಬಾರದಿದ್ದರೆ ಗಾಬರಿ ಬೇಡ. ಟಿವಿಯನ್ನೂ ಬಾರನ್ನೂ ಕರೆಂಟಿನಿಂದ ಒಂದೆರಡು ನಿಮಿಷ ಬಿಡಿಸಿ, ಎಚ್‌ಡಿಎಂಐ ಕೇಬಲನ್ನು ಎರಡೂ ತುದಿಗಳಲ್ಲಿ ಗಟ್ಟಿಯಾಗಿ ಕೂರಿಸಿ, ಟಿವಿಯನ್ನು ಮೊದಲು ಆನ್ ಮಾಡಿ. ಆಗಲೂ ಬಾರದಿದ್ದರೆ ಔಟ್‌ಪುಟ್ ಸೆಟ್ಟಿಂಗ್ ಟಿವಿ ಸ್ಪೀಕರಿಗೆ ಮರಳಿದೆಯೇ ಎಂದು ನೋಡಿ.